ಬೇರು ಹಿಡಿಯದ ಬೆಸುಗೆ

ಗರಗಸದ ಅಲಗು ಮೂರನೇ ಸಲ ಮುರಿಯಿತು.

ಮೇಷ್ಟ್ರು ಮುರಿದ ತುಂಡನ್ನು ಮೇಜಿನ ಮೇಲೆ ಇಟ್ಟರು. ಇಟ್ಟದ್ದೇ ಹೌದು, ಆದರೆ ಸದ್ದು ಎಸೆದ ಹಾಗೆ ಕೇಳಿತು.

“ಇನ್ನೊಂದು ಅಲಗು ಕೊಡಿ.”

“ಇನ್ನೊಂದೇ ಇರೋದು ಮೇಷ್ಟ್ರೇ,” ಎಂದರು ಇನ್‌ಸ್ಪೆಕ್ಟರ್, ಬಾಗಿಲ ಚೌಕಟ್ಟಿಗೆ ಒರಗಿಕೊಂಡು. “ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಈ ಪೈಪೂ ನಿಮ್ಮ ಅಳಿಯನ ಹಾಗೇನೇ. ಎಷ್ಟು ಕೊಯ್ದರೂ ಬಾಯಿ ಬಿಡಲ್ಲ.”

“ಮಷೀನಲ್ಲಿ ಕೊಯ್ದರೆ ಎರಡು ನಿಮಿಷದ ಕೆಲಸ. ಆದ್ರೆ ಆ ಬಿಸಿಗೆ ಒಳಗಿರೋದೆಲ್ಲ ಬಣ್ಣ ಬದಲಾಯಿಸುತ್ತೆ. ಆಮೇಲೆ ನೀವೇ ಕೇಳ್ತೀರಿ, ಇದು ಮೊದಲೇ ಹೀಗಿತ್ತಾ ನೀವು ಮಾಡಿದ್ದಾ ಅಂತ.”

ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿದರು. ಕಾರ್ಖಾನೆಯ ಆ ಪರೀಕ್ಷೆಯ ಕೋಣೆಯಲ್ಲಿ ಗಡಿಯಾರ ನೋಡುವುದೂ ಒಂದು ಮಾತೇ ಆಗಿತ್ತು. ಮೂರು ವಾರದ ಹಿಂದೆ ಕಾರ್ಖಾನೆಯ ಆವಿ ಕೊಳವೆ ನಲವತ್ತೊಂದನೇ ಬೆಸುಗೆಯಲ್ಲಿ ಸೀಳಿ, ಕೆಳಗಿದ್ದ ಬಾಯ್ಲರಿನವನು ಬೆಂದು ಸತ್ತಿದ್ದ. ಆ ಬೆಸುಗೆಯ ಪಕ್ಕದಲ್ಲಿ ಮೇಷ್ಟ್ರ ಅಳಿಯ, ಎಲ್ಲರೂ ಮೌನಿ ಎಂದು ಕರೆಯುವ ಬೆಸುಗೆಗಾರನ ಅಂಕೆ, ಹದಿನೇಳು, ಅಚ್ಚಾಗಿ ಕೂತಿತ್ತು. ಸಂಜೆ ಐದಕ್ಕೆ ಇನ್‌ಸ್ಪೆಕ್ಟರ ವರದಿ ಹೋಗಬೇಕು. ಅದು ಈಗಿರುವ ಹಾಗೆಯೇ ಹೋದರೆ ಮೌನಿ ಠಾಣೆಯ ಲಾಕಪ್ಪಿನಿಂದ ನೇರವಾಗಿ ಜೈಲಿಗೆ.

ಮೇಷ್ಟ್ರು ಕೊನೆಯ ಅಲಗನ್ನು ಗರಗಸದ ಚೌಕಟ್ಟಿಗೆ ಸಿಕ್ಕಿಸಿ ಬಿಗಿದರು. ಕೋಪ ಬಂದಾಗ ದೇವರ ಹೆಸರನ್ನು ಬಾಯಲ್ಲಿ ಹೇಳದೆ ಉಸಿರಿನಲ್ಲಿ ಹೇಳುವುದು ಅವರ ಅಭ್ಯಾಸ. ಆ ಮಧ್ಯಾಹ್ನ ಉಸಿರು ಸಾಲುತ್ತಿರಲಿಲ್ಲ.

“ಮಾವನ ಕೈಗೆ ಅಳಿಯನ ಕೇಸು ಕೊಟ್ಟಿದೀನಿ ಅಂತ ಮೇಲಿನವರಿಗೆ ಗೊತ್ತಾದ್ರೆ ನನ್ನ ಟೋಪಿ ಹೋಗುತ್ತೆ,” ಎಂದರು ಇನ್‌ಸ್ಪೆಕ್ಟರ್.

“ಹಾಗಾದ್ರೆ ಬೇರೆಯವರನ್ನ ಕರೆಸಿ.”

“ಕರೆಸ್ತಿದ್ದೆ. ಯಾರನ್ನ ಕೇಳಿದ್ರೂ ಒಂದೇ ಕಥೆ ಹೇಳ್ತಾರೆ. ಮದುವೆ ಇನ್ನೊಂದು ವಾರ ಇದೆ ಅನ್ನೋವಾಗ ಪರೀಕ್ಷೇಲಿ ಅಳಿಯನ ಬೆಸುಗೆ ತುಂಡನ್ನ ಫೇಲ್ ಮಾಡಿದ್ರಂತೆ ನೀವು. ಮಗಳನ್ನ ಕೊಡ್ತೀನಿ, ಸರ್ಟಿಫಿಕೇಟು ಕೊಡಲ್ಲ ಅಂದ್ರಂತೆ.”

“ಕಿಟ್ಟ ಉಳಿಸಿದ್ದ ಒಳಗೆ. ಫೇಲ್ ಮಾಡದೆ ಆರತಿ ಎತ್ತಬೇಕಿತ್ತೇನು?”

ಗರಗಸ ಮತ್ತೆ ಕೂಗತೊಡಗಿತು. ಉಕ್ಕು ತನ್ನ ಹಟವನ್ನು ಕೂದಲೆಳೆಯಷ್ಟಷ್ಟಾಗಿ ಬಿಟ್ಟುಕೊಟ್ಟಿತು. ಕಡೆಗೆ ಉಂಗುರದಂತಿದ್ದ ಕೊಳವೆಯ ತುಂಡು ಎರಡು ಹೋಳಾಗಿ ಮೇಜಿನ ಮೇಲೆ ಉರುಳಿತು. ಮೇಷ್ಟ್ರು ಒಂದು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಮೈಯನ್ನು ಬಟ್ಟೆಯಿಂದ ಒರೆಸಿ, ಬಹಳ ಹೊತ್ತು ನೋಡಿದರು.

“ಏನಿದೆ?”

“ಬೆರಳಿಡಿ ಇಲ್ಲಿ. ಉಗುರಿನಿಂದ ಸವರಿ.”

ಇನ್‌ಸ್ಪೆಕ್ಟರ್ ಸವರಿದರು. “ಗೀರು ಇದ್ದ ಹಾಗಿದೆ.”

“ಗೀರಲ್ಲ. ಪೈಪಿನ ಅಂಚನ್ನ ಲೇಥಿನಲ್ಲಿ ಕೊರೆದಾಗ ಬಿದ್ದ ಗೆರೆ. ಇಪ್ಪತ್ತು ತಿಂಗಳು ಆವಿ ಹೊತ್ತ ಜಾಯಿಂಟು ಇದು. ಆ ಗೆರೆ ಇವತ್ತಿಗೂ ಹಾಗೇ ಇದೆ ಅಂದ್ರೆ ಏನರ್ಥ? ಆ ಅಂಚು ಕರಗೇ ಇಲ್ಲ.”

“ಕರಗದೆ ಇಷ್ಟು ದಿನ ಹೇಗೆ ಅಂಟಿಕೊಂಡಿತ್ತು?”

ಮೇಷ್ಟ್ರು ಹೋಳನ್ನು ಕೆಳಗಿಟ್ಟರು. ನಿವೃತ್ತಿಯಾಗುವವರೆಗೆ ಮೂವತ್ತು ವರ್ಷ ಅದೇ ಕಾರ್ಖಾನೆಯ ಹೊಸಬರಿಗೆ ಹೇಳಿ ಹೇಳಿ ಸವೆದ ಮಾತನ್ನು ಇನ್ನೊಮ್ಮೆ ಹೇಳಬೇಕಾಗಿ ಬಂದವರ ಮುಖ ಅವರದು.

“ಬೆಸುಗೆ ಅಂದ್ರೆ ಅಂಟಿಸೋದಲ್ಲ ಸಾಹೇಬ್ರೇ. ಎರಡು ಕಬ್ಬಿಣದ ನಡುವೆ ಮೂರನೇದು ತಂದು ಮೆತ್ತೋದಲ್ಲ. ಎರಡೂ ತಮ್ಮ ಅಂಚು ಕರಗಿಸಿಕೊಂಡು, ಬೆಸುಗೆ ಕಡ್ಡೀನೂ ಕರಗಿ, ಮೂರೂ ಸೇರಿ ಒಂದೇ ಕೊಳ ಆಗ್ಬೇಕು. ಆರಿದ ಮೇಲೆ ಯಾವುದು ಯಾರದು ಅಂತ ಹೇಳೋಕೆ ಬರಬಾರದು.”

“ಗಂಡ ಹೆಂಡತಿ ಥರ ಅನ್ನಿ.”

“ಹಾಗಂತಾರೆ.”

“ನಮ್ಮನೇಲಿ ಈಗ್ಲೂ ಯಾವುದು ಯಾರದು ಅಂತ ದಿನಾ ಹೇಳ್ತಾರೆ.”

ಮೇಷ್ಟ್ರು ನಗಲಿಲ್ಲ. ಹೋಳನ್ನು ತಿರುಗಿಸಿ ಹೊರಮೈ ತೋರಿಸಿದರು. ಅಲ್ಲಿ ಬೆಸುಗೆಯ ಕೊನೆಯ ಸಾಲು ಮೀನಿನ ಹುರುಪೆಯಂತೆ, ಒಂದರ ಮೇಲೊಂದು ಅಲೆಯಾಗಿ, ಎಲ್ಲೂ ತಪ್ಪದೆ ಹರಿದಿತ್ತು. ಅಂಚನ್ನು ಕರೆಂಟು ತಿಂದ ತಗ್ಗಿಲ್ಲ, ಉಕ್ಕಿ ಕೆಳಗಿಳಿದ ಹನಿಯಿಲ್ಲ.

“ಮೇಲೆ ನೋಡಿದ್ರೆ ಮದುಮಗಳು,” ಎಂದರು ಮೇಷ್ಟ್ರು. “ಒಳಗೆ ಅರ್ಧ ದಪ್ಪಕ್ಕೆ ಬೆಸುಗೆಯೇ ಇಲ್ಲ. ನಮ್ಮಲ್ಲಿ ಒಂದು ಮಾತಿದೆ. ಮೊದಲನೇ ಸಾಲು ದೇವರಿಗೆ, ಕೊನೇ ಸಾಲು ಇನ್‌ಸ್ಪೆಕ್ಟರಿಗೆ.”

“ನನಗಾ?”

“ನಿಮಗಲ್ಲ, ಬೆಸುಗೆ ನೋಡೋಕೆ ಬರೋರಿಗೆ. ಮೊದಲನೇ ಸಾಲು ಬೇರು. ಅದರ ಮೇಲೆ ಎರಡನೇದು, ಮೂರನೇದು ಬಿದ್ದು ಮುಚ್ಚಿಹೋಗುತ್ತೆ. ಆಮೇಲೆ ಅದನ್ನ ದೇವರೊಬ್ಬನೇ ನೋಡೋದು. ಅದಕ್ಕೇ ಅಲ್ಲಿ ಮೋಸ ಮಾಡಬಾರದು.”

“ಸರಿ. ಇಲ್ಲಿ ಮೋಸ ಆಗಿದೆ.”

“ಮೋಸ ಅಲ್ಲ. ಅದೇ ನನಗೆ ತಲೆ ಕೆಡಿಸ್ತಾ ಇರೋದು. ಮೋಸ ಮಾಡೋನು ಕಿಟ್ಟ ಬಿಟ್ಟು ಹೋಗ್ತಾನೆ. ಕಡ್ಡಿ ಮೇಲಿನ ಲೇಪ ಕರಗಿ, ಗಾಳಿ ತಾಗದ ಹಾಗೆ ಬೆಸುಗೆ ಮೇಲೆ ಕಂಬಳಿ ಥರ ಹೊದ್ದುಕೊಳ್ಳುತ್ತಲ್ಲ, ಅದು ಕಿಟ್ಟ. ಪ್ರತಿ ಸಾಲಾದ ಮೇಲೂ ಅದನ್ನ ಕುಟ್ಟಿ ಉಜ್ಜಿ ತೆಗೀಬೇಕು. ಸೋಮಾರಿ ತೆಗೆಯಲ್ಲ. ಇಲ್ಲಿ ನೋಡಿ, ಕೊಯ್ದ ಜಾಗದಲ್ಲಿ ಒಂದು ಸಾಸಿವೆಯಷ್ಟೂ ಕಿಟ್ಟ ಇಲ್ಲ. ಶ್ರದ್ಧೆ ಇದ್ದ ಕೈ. ಬರೀ ಬೇರು ಮಾತ್ರ ತಣ್ಣಗೆ.”

“ಯಾಕೆ?”

“ಮಷೀನು ನೆಲದ ಮೇಲೆ. ಜಾಯಿಂಟು ಮೂವತ್ತಡಿ ಮೇಲೆ. ಕೇಬಲ್ಲು ಉದ್ದ ಆದಷ್ಟೂ ಕರೆಂಟು ದಾರೀಲೇ ಸೋರುತ್ತೆ, ದೂರದ ಗದ್ದೆಗೆ ಬಿಟ್ಟ ಕಾಲುವೆ ನೀರಿನ ಹಾಗೆ. ಗೊತ್ತಿದ್ದವನು ಹತ್ತೋ ಮುಂಚೆ ಮಷೀನಿನ ಕಿವಿ ಒಂದಿಷ್ಟು ತಿರುವಿ, ಕರೆಂಟು ಏರಿಸಿ ಹತ್ತುತ್ತಾನೆ. ತಿರುವದೆ ಹತ್ತಿದ್ರೆ ಕಿಡಿ ಬರುತ್ತೆ, ಕಡ್ಡಿ ಕರಗುತ್ತೆ, ಕಣ್ಣಿಗೆ ಎಲ್ಲ ಸರಿ. ಕೆಳಗಿನ ಕಬ್ಬಿಣ ಮಾತ್ರ ಕರಗಲ್ಲ. ಎರಡನೇ ಸಾಲಿಗೆ ಪೈಪು ಕಾದಿರುತ್ತೆ, ಅಲ್ಲಿಂದ ಮೇಲೆ ಎಲ್ಲ ಚೆನ್ನಾಗೇ ಆಗುತ್ತೆ.” ಅವರು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಮುಂದುವರಿಸಿದರು. “ಇದು ಮೇಜಿನ ಮುಂದೆ ಕೂತು ಕಲಿತ, ಒಳ್ಳೇ ಕೈ. ಎತ್ತರದ ಅಭ್ಯಾಸ ಇಲ್ಲದ ಕೈ. ನನ್ನ ಅಳಿಯ ಹನ್ನೆರಡು ವರ್ಷ ಮೇಲೆ ನೇತಾಡಿದವನು. ಈ ತಪ್ಪು ಅವನು ನಿದ್ದೆಗಣ್ಣಲ್ಲೂ ಮಾಡಲ್ಲ.”

“ಇದನ್ನ ನಾನು ಕೋರ್ಟಿನಲ್ಲಿ ಹೇಗೆ ಹೇಳ್ಲಿ? ಕೈ ಒಳ್ಳೇದು, ಜಾಗ ಹೊಸದು ಅಂತಾನಾ? ಅವನೇ ಒಂದು ಮಾತು ಹೇಳ್ಬಹುದಲ್ಲ, ನಾನು ಮಾಡಿಲ್ಲ ಅಂತ. ನಿನ್ನೆ ಮೂರು ಗಂಟೆ ಎದುರಿಗೆ ಕೂತೆ. ‘ಗುರುತು ನಂದೇ’ ಅಂದ. ಆಮೇಲೆ ಒಂದು ಲೋಟ ನೀರು ಕೇಳಿದ. ಅಷ್ಟೇ ಅವನ ಹೇಳಿಕೆ.”

ಪ್ರತಿ ಬೆಸುಗೆಗಾರನಿಗೂ ಒಂದು ಅಂಕೆ. ಕೆಲಸ ಮುಗಿದೊಡನೆ ಆ ಅಂಕೆ ಕೊರೆದ ಉಕ್ಕಿನ ಪಂಚನ್ನು ಪಕ್ಕದಲ್ಲಿಟ್ಟು ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುವುದು ಈ ಕಸುಬಿನ ಸಹಿ. ಮೌನಿ ತನ್ನ ಪಂಚನ್ನು ಬೀಗದ ಕೈಗೊಂಚಲಿನಲ್ಲಿ ಪೋಣಿಸಿಕೊಂಡು ತಿರುಗುವವನು. ಅದು ಕಳೆದಿಲ್ಲ, ಯಾರೂ ಕದ್ದಿಲ್ಲ. ಈಗ ಠಾಣೆಯ ಮೇಜಿನ ಖಾನೆಯಲ್ಲಿ ಚೀಟಿ ಕಟ್ಟಿಸಿಕೊಂಡು ಕೂತಿದೆ.

“ಅವನ ಪರವಾಗಿ ಇರೋದು ಒಂದೇ,” ಎಂದರು ಇನ್‌ಸ್ಪೆಕ್ಟರ್, ಕಂದು ಲಕೋಟೆಯನ್ನು ಮುಂದೆ ತಳ್ಳಿ. “ಎಕ್ಸ್‌ರೇ. ನಲವತ್ತೊಂದರ ಫಿಲಮ್ಮು ಶುದ್ಧವಾಗಿದೆ. ಪರೀಕ್ಷೆ ಮಾಡಿ ಪಾಸು ಮಾಡಿದ ಮೇಲೆ ಅವನದೇನು ತಪ್ಪು ಅಂತ ವಕೀಲರು ವಾದಿಸಬಹುದು. ಆ ಒಂದು ಎಳೆ ಹಿಡ್ಕೊಂಡು ಅವನು ನೇತಾಡ್ತಾ ಇದಾನೆ.”

“ಕಬ್ಬಿಣ ಹೀಗಿದೆ ಅನ್ನುತ್ತೆ, ಫಿಲಮ್ಮು ಹಾಗಲ್ಲ ಅನ್ನುತ್ತೆ.” ಮೇಷ್ಟ್ರು ಲಕೋಟೆ ಬಿಚ್ಚಿದರು. “ಎರಡರಲ್ಲಿ ಒಂದು ಸುಳ್ಳು. ಕಬ್ಬಿಣಕ್ಕೆ ಸುಳ್ಳು ಹೇಳೋಕೆ ಬರಲ್ಲ. ಎಲ್ಲ ಫಿಲಮ್ಮೂ ತರಿಸಿ. ಅದನ್ನ ತೆಗೆದವನನ್ನೂ ಕರೆಸಿ.”

ಬೆಳಕಿನ ಪೆಟ್ಟಿಗೆಯ ಗಾಜಿನ ಮೇಲೆ ಮೇಷ್ಟ್ರು ಫಿಲಮ್ಮುಗಳನ್ನು ಒಂದೊಂದಾಗಿ ಹರಡಿದರು. ಕಪ್ಪು ಬಯಲಿನ ನಡುವೆ ಬೂದು ಹೊಳೆಯಂತೆ ಬೆಸುಗೆ. ಮೂಲೆಯಲ್ಲಿ ಸೀಸದ ಅಂಕೆಗಳ ಬಿಳಿ ನೆರಳು. ಬೇರು ಹಿಡಿಯದಿದ್ದರೆ ಹೊಳೆಯ ನಡುವೆ ನೇರವಾದ ಕಪ್ಪು ದಾರ ಕಾಣಬೇಕು. ಮೂವತ್ತರಲ್ಲಿ ಇಲ್ಲ. ಮೂವತ್ತೆಂಟರಲ್ಲಿ ಇಲ್ಲ. ನಲವತ್ತೊಂದರಲ್ಲಿ ಇಲ್ಲವೇ ಇಲ್ಲ.

ಅವರು ಎರಡು ಸಲ ನೋಡಿದರು. ಮೂರನೇ ಸಲ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಕೈ ತಾನಾಗಿ ಹಣೆಗೆ ಹೋಯಿತು.

ಅಷ್ಟರಲ್ಲಿ ನೆರಳಣ್ಣ ಬಂದ. ಕಬ್ಬಿಣದ ಹೊಟ್ಟೆಯ ನೆರಳು ತೆಗೆಯುವವನಾದ್ದರಿಂದ ಅವನಿಗೆ ಆ ಹೆಸರು. ಸಣಕಲು ಮೈ, ಎಣ್ಣೆ ಹಚ್ಚಿ ಬಾಚಿದ ತಲೆ. ಸ್ಟೂಲಿನ ತುದಿಯಲ್ಲಿ, ಯಾವಾಗ ಬೇಕಾದರೂ ಏಳುವವನ ಹಾಗೆ ಕೂತ.

“ನಮಸ್ಕಾರ ಮೇಷ್ಟ್ರೇ. ಆರೋಗ್ಯನಾ?”

“ನನ್ನದು ಬಿಡು. ನಲವತ್ತೊಂದರ ಫಿಲಮ್ಮು ತೆಗೆದವನು ನೀನೇನಾ?”

“ಸಹಿ ಇದೆಯಲ್ಲ ಮೇಷ್ಟ್ರೇ.”

“ಸಹಿ ಕೇಳಲಿಲ್ಲ. ನೀನಾ ಅಂತ ಕೇಳಿದೆ.”

“ನಾನೇ.”

“ಮೂವತ್ತೆಂಟು?”

“ಅದೂ ನಾನೇ. ಆ ಲೈನಿನದು ಎಲ್ಲ ನಾನೇ. ಬಿಸಿಲಲ್ಲಿ ಬೆನ್ನು ಸುಟ್ಕೊಂಡು ತೆಗೆದಿದ್ದು.”

ಮೇಷ್ಟ್ರು ಬೆಳಕಿನ ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದರು. “ಇಲ್ಲಿ ಮೂರು ಚುಕ್ಕೆ ಇದೆ, ಕೋಳಿ ಹೆಜ್ಜೆ ಇಟ್ಟ ಹಾಗೆ. ಕಾಣುತ್ತಾ?”

“ಗುಳ್ಳೆ ಮೇಷ್ಟ್ರೇ. ಕಡ್ಡಿ ಸ್ವಲ್ಪ ಹಸಿ ಇತ್ತೇನೋ. ಆವಿ ಸಿಕ್ಕಿಹಾಕ್ಕೊಂಡು ಗುಳ್ಳೆ ಆಗಿದೆ. ಇಷ್ಟು ಸಣ್ಣದು ಲೆಕ್ಕಕ್ಕಿಲ್ಲ, ನಿಯಮದಲ್ಲೇ ಇದೆ.”

“ನಿಯಮ ನಿನಗೆ ಹೇಳಿಕೊಟ್ಟಿದ್ದು ನಾನು. ಇದು ನಲವತ್ತೊಂದರ ಫಿಲಮ್ಮು. ಈಗ ಇದರ ಮೇಲೆ ಮೂವತ್ತೆಂಟನ್ನ ಇಡ್ತೀನಿ.”

ಇಟ್ಟರು. ಅಂಚಿಗೆ ಅಂಚು ಕೂಡಿಸಿದರು. ಮೂರು ಚುಕ್ಕೆಗಳ ಮೇಲೆ ಮೂರು ಚುಕ್ಕೆಗಳು ಕೂತವು. ಇನ್‌ಸ್ಪೆಕ್ಟರ್ ಬಾಗಿಲು ಬಿಟ್ಟು ಮುಂದೆ ಬಂದರು.

“ಮೂವತ್ತು,” ಎಂದು ಮೇಷ್ಟ್ರು ಇನ್ನೊಂದನ್ನು ಇಟ್ಟರು. “ನಲವತ್ತಾರು. ಐವತ್ತೆರಡು. ಅವಳಿ ಮಕ್ಕಳ ಮಚ್ಚೆನೂ ಒಂದೇ ಜಾಗದಲ್ಲಿ ಇರಲ್ಲಪ್ಪಾ. ನೀನು ಒಂದೇ ಮಗೂಗೆ ಅಂಗಿ ಬದಲಾಯಿಸಿ ಬದಲಾಯಿಸಿ ಇಪ್ಪತ್ಮೂರು ಸಲ ಫೋಟೋ ಹಿಡಿದಿದೀಯ.”

ನೆರಳಣ್ಣ ಸ್ಟೂಲಿನಿಂದ ಏಳಲಿಲ್ಲ. ಇನ್ನೂ ಒಳಕ್ಕೆ ಸರಿದು ಕೂತ. ಅದೇ ಅವನ ಉತ್ತರವಾಯಿತು.

“ಮಾತಾಡಯ್ಯಾ,” ಎಂದರು ಇನ್‌ಸ್ಪೆಕ್ಟರ್.

“ಮೇಲೆ ಹತ್ತೋ ಸಾರುವೆ ಬಿಚ್ಚಿಬಿಟ್ಟಿದ್ರು ಸಾರ್. ಕಂಬ ಎಲ್ಲ ಇನ್ನೊಂದು ಕಟ್ಟಡಕ್ಕೆ ಹೋಗಿತ್ತು. ನಾನು ಹತ್ತಿ ಹೋಗೋಕೆ ರೆಕ್ಕೆ ಇದೆಯಾ? ಸೂಪರ್‌ವೈಸರು ಇವತ್ತೇ ಬೇಕು ಅಂದ್ರು. ನೆಲದ ಮೇಲೆ ಕೈಗೆ ಸಿಗೋ ಹಾಗೆ ಒಂದು ಜಾಯಿಂಟಿತ್ತು. ಸೀಸದ ಅಂಕೆ ಬದಲಾಯಿಸ್ತಾ ಹೋದೆ.” ಅವನು ಮೇಷ್ಟ್ರ ಕಡೆ ತಿರುಗಿದ. “ನಿಮ್ಮ ಕಾಲದಲ್ಲಾದ್ರೆ ಇಂಥದ್ದು ಆಗ್ತಿರಲಿಲ್ಲ ಅಂತ ಬೈಯಬೇಡಿ. ನಿಮ್ಮ ಕಾಲದಲ್ಲಿ ಒಂದು ಲೈನಿಗೆ ಆರು ತಿಂಗಳು ಕೊಡ್ತಿದ್ರು.”

“ನಲವತ್ತೊಂದರ ಹತ್ರ ನೀನು ಹೋಗೇ ಇಲ್ಲ.”

“ಸಾರುವೆ ಬಿಚ್ಚೋ ಹಿಂದಿನ ದಿನ ಹೋಗಿದ್ದೆ. ಮೇಲೆ ಯಾರೋ ಇನ್ನೂ ಬೆಸುಗೆ ಹಾಕ್ತಾ ಇದ್ರು. ನಾನು ಎಕ್ಸ್‌ರೇ ಪೆಟ್ಟಿಗೆ ತೆಗೀಬೇಕು ಅಂದ್ರೆ ಎಲ್ಲರೂ ದೂರ ಹೋಗ್ಬೇಕಲ್ಲ. ಇಳೀರಿ ಅಂತ ಕೂಗಿದೆ. ಇಳೀಲಿಲ್ಲ. ಕಾದು ಕಾದು ವಾಪಸ್ ಬಂದೆ.”

“ಯಾರು? ಮೌನಿಯಾ?”

“ಮುಖವಾಡ ಹಾಕಿದ್ಮೇಲೆ ಎಲ್ಲರೂ ಒಂದೇ ಮೇಷ್ಟ್ರೇ.” ಅವನು ತಲೆ ಕೆರೆದುಕೊಂಡ. “ಆದ್ರೆ ಮೌನಿ ಬಾಗಿಲಿಗೆ ತಲೆ ಹೊಡ್ಸಿಕೊಳ್ಳೋ ಆಸಾಮಿ. ಅಲ್ಲಿದ್ದೋರು ಕುಳ್ಳು. ಕೈ ಎಟಕದೆ ಹಲಗೆ ಮೇಲೆ ಇನ್ನೊಂದು ಹಲಗೆ ಹಾಕ್ಕೊಂಡು ನಿಂತಿದ್ರು.”

ಮೇಷ್ಟ್ರು ಆಸೆಯಿಂದ ಇನ್‌ಸ್ಪೆಕ್ಟರ ಮುಖ ನೋಡಿದರು. ಆ ಮುಖದಲ್ಲಿ ಏನೂ ಬೆಳಗಿರಲಿಲ್ಲ.

“ಕೇಳಿಸ್ಕೊಂಡ್ರಲ್ಲ ಸಾಹೇಬ್ರೇ? ಅವನಲ್ಲ.”

“ಇಪ್ಪತ್ಮೂರು ಸುಳ್ಳು ಹೇಳಿದವನ ಇಪ್ಪತ್ನಾಲ್ಕನೇ ಮಾತನ್ನ ನಾನು ಬರ್ಕೊಂಡು ಹೋದ್ರೆ ನಗ್ತಾರೆ.” ಇನ್‌ಸ್ಪೆಕ್ಟರ್ ಫಿಲಮ್ಮುಗಳನ್ನು ಒಟ್ಟುಮಾಡಿ ಲಕೋಟೆಗೆ ಹಾಕಿದರು. ಕೋಪವಿರಲಿಲ್ಲ, ಕನಿಕರವಿತ್ತು, ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು. “ಏನು ಮಾಡಿದ್ರಿ ಗೊತ್ತಾಯ್ತಾ ಮೇಷ್ಟ್ರೇ? ಅಂಕೆ ಅವನದು. ಗುರುತು ನಂದೇ ಅಂತಾನೆ. ಎಕ್ಸ್‌ರೇ ಒಂದಿತ್ತು, ಪಾಸಾಗಿದೆ ಅಂತ ಹೇಳೋಕೆ. ಮಳೇಲಿ ನಿಂತವನ ಕೈಲಿದ್ದ ಒಂದು ಹರಕು ಕೊಡೆ. ಅದನ್ನೂ ನೀವೇ ಕಿತ್ಕೊಂಡ್ರಿ.”

“ಸುಳ್ಳು ಕೊಡೆ ಅದು.”

“ಮಳೆ ನಿಜಾ ತಾನೆ?”

ಇನ್‌ಸ್ಪೆಕ್ಟರ್ ನೆರಳಣ್ಣನ ಭುಜ ತಟ್ಟಿ ಎಬ್ಬಿಸಿ, ಹೇಳಿಕೆ ಬರೆಸಿಕೊಳ್ಳಲು ಪಕ್ಕದ ಕೋಣೆಗೆ ಕರೆದೊಯ್ದರು. “ಅರ್ಧ ಗಂಟೆ. ಬೇರೇನಾದ್ರೂ ಸಿಕ್ಕಿದ್ರೆ ಕೂಗಿ. ಫೋಟೋ ತೆಗೀದೆ ಯಾವುದನ್ನೂ ನಂಬಲ್ಲ, ಮೊದಲೇ ಹೇಳಿದೀನಿ.”

ಮೇಷ್ಟ್ರು ಒಬ್ಬರೇ ಉಳಿದರು. ದೇವರು ಸತ್ಯವನ್ನು ಬಲ್ಲ. ಆದರೆ ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಅದನ್ನು ಕೊಡುವ ಅವಸರ ಅವನಿಗಿಲ್ಲ. ಇದನ್ನು ಮೇಷ್ಟ್ರು ಇತರರಿಗೆ ಎಷ್ಟೋ ಸಲ ಸಮಾಧಾನವಾಗಿ ಹೇಳಿದ್ದರು. ಈಗ ತಮಗೆ ಹೇಳಿಕೊಂಡರೆ ಬರೀ ಮಾತಾಗಿ ಕೇಳಿಸಿತು.

ಮಗಳು ಊಟದ ಡಬ್ಬಿ ಹಿಡಿದು ಬಂದಳು. ಅದೇ ಕಾರ್ಖಾನೆಯ ಕಡ್ಡಿ ಕೋಣೆ ಅವಳ ವಶದಲ್ಲಿತ್ತು. ವೆಲ್ಡಿಂಗ್ ಕಡ್ಡಿಗಳನ್ನು ಒಲೆಯಲ್ಲಿ ಒಣಗಿಸಿ, ಬಿಸಿ ಆರದಂತೆ ಡಬ್ಬಿಗೆ ಹಾಕಿ ಕೊಡುವ ಕೆಲಸ. ಅಪ್ಪನ ಮೇಜಿನ ಮುಂದೆ ಕೂತು ಬೆಸುಗೆಯನ್ನೂ ಕಲಿತಿದ್ದಳು. ಕಾರ್ಖಾನೆ ಅವಳನ್ನು ಆ ಕೆಲಸಕ್ಕೆ ಹಾಕಿಕೊಳ್ಳಲಿಲ್ಲ ಅಷ್ಟೆ.

“ಊಟ ಮಾಡಪ್ಪಾ. ಮೂರು ಗಂಟೆ ಆಗ್ತಾ ಬಂತು.”

“ಗಂಟಲಲ್ಲಿ ಇಳಿಯುತ್ತಾ? ನಿನ್ನ ಗಂಡನ ಪರ ಇದ್ದ ಒಂದೇ ಸಾಕ್ಷೀನ ನಾನೇ ಹರಿದುಹಾಕಿ ಕೂತಿದೀನಿ.”

ಅವಳು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. “ನೀನು ನೋಡದೆ ಬಿಟ್ಟಿದ್ರೂ ಆಗ್ತಿತ್ತು.”

“ನಾನು ನೋಡದೆ ಬಿಟ್ಟಿದ್ದು ಯಾವತ್ತಾದ್ರೂ ಉಂಟೇನಮ್ಮಾ?”

“ಇಲ್ಲ. ಅದೇ ಕಷ್ಟ.”

“ಅವನಿಗೆ ಏನಾಗಿದೆ? ಯಾರಿಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡಿದಾನೆ? ನಿನಗಾದ್ರೂ ಏನಾದ್ರೂ ಹೇಳಿದ್ನಾ?”

“ಅವರು ಮನೇಲೂ ಮಾತಾಡಲ್ಲಪ್ಪಾ. ಊಟಕ್ಕೆ ಉಪ್ಪು ಕಮ್ಮಿ ಆದ್ರೆ ಉಪ್ಪಿನ ಡಬ್ಬಿ ಹತ್ರ ಎಳ್ಕೋತಾರೆ. ಅದೇ ದೊಡ್ಡ ಮಾತು.”

“ಹನ್ನೊಂದು ವರ್ಷ ಹೇಗೆ ಬಾಳ್ವೆ ಮಾಡಿದೆಯೋ.”

“ಉಪ್ಪು ಸರಿಯಾಗಿ ಹಾಕ್ತಾ,” ಎಂದಳು ಅವಳು. ನಗಲು ಹೋಗಿ ನಗಲಿಲ್ಲ.

ಮೇಷ್ಟ್ರು ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಕೈ ಒರೆಸಿದರು. ಕೈ ಸ್ವಚ್ಛವಾದ ಮೇಲೂ ಸಿಟ್ಟು ಇಳಿಯಲಿಲ್ಲ. ಅದೇ ಬಟ್ಟೆಯಿಂದ ಕೊಳವೆಯ ಹೋಳನ್ನು, ಮಸಿ ಹಿಡಿದ ಹೊರಮೈಯನ್ನು, ಯಾರ ಮೇಲೋ ಹಟ ತೀರಿಸಿಕೊಳ್ಳುವವರಂತೆ ತಿಕ್ಕಿದರು. ತಿಕ್ಕಿದಷ್ಟೂ ಮಸಿ ಬಿಟ್ಟಿತು. ಕೆಳಗೆ ಕೊಳವೆಗೆ ಬಳಿದ ಬೆಳ್ಳಿ ಬಣ್ಣ ಕಂಡಿತು.

ಕೈ ನಿಂತಿತು.

ಇಪ್ಪತ್ತು ತಿಂಗಳು ಆವಿಯ ಬಿಸಿ ಉಂಡ ಆ ಬಣ್ಣ ಎಲ್ಲ ಕಡೆ ಕಂದಿ ಹಳೆಯ ಎಲೆಯಂತಾಗಿತ್ತು. ಹದಿನೇಳರ ಸುತ್ತ ಮಾತ್ರ, ಹೆಬ್ಬೆರಳಗಲ, ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು. ಆ ಜಾಗದ ಬಣ್ಣ ಬಿಸಿಯನ್ನೇ ಕಂಡಿರಲಿಲ್ಲ. ಕೊಳವೆ ಸೀಳಿ ತಣ್ಣಗಾದ ಮೇಲೆ ಯಾರೋ ಬಳಿದ ಬಣ್ಣ.

ಅವರು ಚಾಕುವಿನ ತುದಿಯಿಂದ ಕೆರೆದರು. ಹೊಸ ಬಣ್ಣದ ಕೆಳಗೆ ಉಕ್ಕು ನುಣುಪಾಗಿತ್ತು. ಗ್ರೈಂಡರಿನ ಚಕ್ರ ಓಡಿದ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಮಲಗಿದ್ದವು. ಮೊದಲು ಅಲ್ಲಿ ಬೇರೊಂದು ಅಂಕೆ ಇತ್ತು. ಅದನ್ನು ಉಜ್ಜಿ ತೆಗೆದು, ಅದರ ಮಗ್ಗುಲಿಗೆ ಹದಿನೇಳು ಹೊಡೆದಿದ್ದರು.

“ಅವನ ಅಂಕೆ ಅಲ್ಲಮ್ಮಾ ಇದು,” ಎಂದರು ಮೇಷ್ಟ್ರು. ಮೂರು ವಾರದಲ್ಲಿ ಮೊದಲ ಬಾರಿ ಅವರ ದನಿ ಹಗುರವಾಗಿತ್ತು. “ಆಮೇಲೆ ಹೊಡೆದಿದ್ದು. ಒಡೆದ ಮೇಲೆ ಹೊಡೆದಿದ್ದು.”

ಮಗಳು ಕಿಟಕಿಯಿಂದ ಬಾಗಿಲ ಕಡೆಗೆ ಸರಿದಳು.

ಪರೀಕ್ಷೆಯ ಕಪಾಟಿನಿಂದ ಮೇಷ್ಟ್ರು ಆಮ್ಲದ ಬಾಟಲಿ ತಂದರು. ಪಂಚಿನ ಏಟು ಬಿದ್ದಾಗ ಅಂಕೆಯ ಕೆಳಗಿನ ಉಕ್ಕೂ ಒಳಗೊಳಗೇ ನಜ್ಜಾಗುತ್ತದೆ. ಮೇಲಿನ ಅಂಕೆ ಉಜ್ಜಿದರೂ ಆ ನಜ್ಜು ಉಳಿಯುತ್ತದೆ. ಆಮ್ಲ ಹಚ್ಚಿದರೆ ನಜ್ಜಾದ ಉಕ್ಕು ಒಂದು ಬಗೆಯಲ್ಲಿ ಕರಗಿ, ಉಳಿದದ್ದು ಇನ್ನೊಂದು ಬಗೆಯಲ್ಲಿ ಕರಗಿ, ಹೋದ ಅಂಕೆ ಸ್ವಲ್ಪ ಹೊತ್ತು ನೆರಳಾಗಿ ಮೇಲೆ ಬರುತ್ತದೆ. ಒಂದೇ ಸಲ. ತಡ ಮಾಡಿದರೆ ಆಮ್ಲವೇ ಅದನ್ನೂ ತಿಂದು ಹಾಕುತ್ತದೆ. ಆಮೇಲೆ ಯಾರು ಕರೆದರೂ ಬರುವುದಿಲ್ಲ.

ಹತ್ತಿಯ ಉಂಡೆಯಿಂದ ಹಚ್ಚಿ, ಉಸಿರು ಬಿಗಿಹಿಡಿದು ಬಾಗಿದರು. ಮೊದಲು ಬರೀ ಬೂದು. ಬೂದಿನಲ್ಲಿ ಒಂದು ಕೊಂಕು. ಕೊಂಕಿನ ಕೆಳಗೆ ಇನ್ನೊಂದು ಕೊಂಕು. ಎರಡೂ ಒಂದೇ ಕಡೆ ಬಾಯಿ ತೆರೆದುಕೊಂಡು, ನಿಧಾನವಾಗಿ ಕೂಡಿಕೊಂಡವು.

ಮೂರು.

ಮೇಷ್ಟ್ರು ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. ನಿವೃತ್ತಿಯಾದವನ ಅಂಕೆಯನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಮೂರು ಎಂಬ ಅಂಕೆ ಒಬ್ಬನದೇ. ಅವನು ಈ ಕೊಳವೆ ಹಾಕುವುದಕ್ಕೆ ಎರಡು ವರ್ಷ ಮೊದಲೇ ಕೆಲಸ ಬಿಟ್ಟು ಮನೆಗೆ ಹೋಗಿದ್ದ. ಹೋಗುವ ದಿನ ಅವನ ಪಂಚನ್ನು ಈ ಮಗಳೇ ಅಪ್ಪನಿಂದ ಕೇಳಿ ಇಸಿದುಕೊಂಡಿದ್ದಳು.

ಪಕ್ಕದ ಕೋಣೆಯಿಂದ ಕುರ್ಚಿ ಎಳೆದ ಸದ್ದು ಬಂತು. “ಮೇಷ್ಟ್ರೇ, ಇವನದು ಬರೆದಾಯ್ತು. ಬಂದೆ.”

“ಅಪ್ಪಾ.”

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಅಲ್ಲಿಂದ ಮೇಜಿನ ಮೇಲಿನ ಹೋಳು ಕಾಣುವಂತಿರಲಿಲ್ಲ. ಅವಳು ಯಾವಾಗ ಒಳಗಿನಿಂದ ಅಗಳಿ ಹಾಕಿದಳೋ ಮೇಷ್ಟ್ರಿಗೆ ತಿಳಿಯಲಿಲ್ಲ.

“ಆ ಮೂರನ್ನ ಒರೆಸ್ಬಿಡಪ್ಪಾ.”

ಅಂಕೆ ಎಷ್ಟೆಂದು ಮೇಷ್ಟ್ರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

“ಅವರು ಬೇಡ ಅಂದಿದ್ರು,” ಎಂದಳು. “ಆಗ ಅವರಿಗೆ ಜ್ವರ. ಕೆಲಸ ನಿಂತ್ರೆ ಲೈನು ಬೇರೆಯವರಿಗೆ ಹೋಗುತ್ತೆ ಅಂತ ನಾನೇ ಹತ್ತಿದೆ. ನಾನು ಮಾಡಿದ ಕೆಲಸಕ್ಕೆ ಅವರ ಅಂಕೆ ಹೊಡೆಯೋಕೆ ಕೈ ಬರಲಿಲ್ಲ. ನೀನೇ ಹೇಳಿಕೊಟ್ಟಿದ್ದು, ಬೇರೆಯವರ ಅಂಕೆ ಹೊಡೀಬಾರದು ಅಂತ. ನೀನು ಕೊಟ್ಟ ಮೂರು ನಂದೇ ಅನ್ನಿಸಿ ಅದನ್ನ ಹೊಡೆದೆ. ಬೇರು ಕರಗಿದೆ ಅಂತಾನೇ ಅಂದ್ಕೊಂಡಿದ್ದೆ ಅಪ್ಪಾ. ಕಿಡಿ ಚೆನ್ನಾಗೇ ಇತ್ತು. ಪೈಪು ಒಡೆದ್ಮೇಲೆ ಅವರೇ ಮೂರನ್ನ ಉಜ್ಜಿ ತಮ್ಮ ಅಂಕೆ ಹೊಡೆದ್ರು.”

ಮೇಷ್ಟ್ರು ಮಾತಾಡಿದಾಗ ಅದು ಅಪ್ಪನ ದನಿಯಾಗಿರಲಿಲ್ಲ; ಪರೀಕ್ಷೆ ಮಾಡುವ ಮೇಷ್ಟ್ರ ದನಿಯಾಗಿತ್ತು.

“ಎಷ್ಟು ದಿನ ಜ್ವರ?”

“ನಾಲ್ಕು.”

“ನಾಲ್ಕು ದಿನದಲ್ಲಿ ಒಂದೇ ಜಾಯಿಂಟಾ?”

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಏಳು.”

“ಮಷೀನು ನೆಲದ ಮೇಲೆ. ಕಿವಿ ತಿರುವಿರಲಿಲ್ಲ. ಏಳಕ್ಕೂ.”

“ನನಗೆ ಗೊತ್ತಿರಲಿಲ್ಲ.”

“ಏಳೂ ಈ ಲೈನಿನಲ್ಲೇನಾ? ಪೊಲೀಸರು ಸೀಲ್ ಮಾಡಿರೋ ಲೈನು?”

“ಐದು.”

ಹೊರಗಿನಿಂದ ಬಾಗಿಲು ತಳ್ಳಿದರು. ಅಗಳಿ ಕಿರುಗುಟ್ಟಿ ತಡೆಯಿತು. “ಮೇಷ್ಟ್ರೇ? ಯಾಕೆ ಬಾಗಿಲು ಹಾಕಿದೀರಿ?”

“ಉಳಿದೆರಡು ಎಲ್ಲಮ್ಮಾ?”

ಅವಳು ಕಿಟಕಿಯ ಕಡೆ ನೋಡಿದಳು. ಅಂಗಳದ ಆಚೆ ಬಟ್ಟೆ ಒಣಗಿಸುವ ಶೆಡ್ಡು. ಅದರ ಬಾಗಿಲಲ್ಲಿ ಮಧ್ಯಾಹ್ನದ ಪಾಳಿಯ ಹೆಂಗಸರು ಬಿಸಿ ತಾಳಲಾರದೆ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು. ಅವರ ತಲೆಯ ಮೇಲೆ ಹಾದುಹೋಗುವ ಕೊಳವೆಯ ಜಾಯಿಂಟಿನಿಂದ ಬಿಳಿ ಆವಿ ಸಣ್ಣಗೆ ಹೊಗೆಯಾಡುತ್ತಿತ್ತು. ಆ ಲೈನಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಅದನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ.

ಮೇಜಿನ ಮೇಲೆ, ಮೂರರ ಕೆಳಗಿನ ಕೊಂಕು ಆಗಲೇ ಮಸುಕಾಗತೊಡಗಿತ್ತು.

“ಮೇಷ್ಟ್ರೇ,” ಇನ್‌ಸ್ಪೆಕ್ಟರ್ ಈಗ ಮುಷ್ಟಿಯಿಂದ ಗುದ್ದಿದರು. “ಒಳಗೆ ಏನು ಸಿಕ್ತು?”